ಹಿಂದಿನ ಮಗ್ಗಲು

ಧಾರವಾಡದ ನಮ್ಮ ಓಣಿಯ ಕಾಕುಗೆ ಮೊದಲ ಸಲ ನನ್ನ ಕಸೂತಿ ತೋರಿಸಿದಾಗ ಅವರು ಬಟ್ಟೆ ಇಸಿದುಕೊಂಡವರೇ ಮಗುಚಿ ಹಿಡಿದರು. ಮುಂದಿನ ಮಗ್ಗಲಿಗೆ ನಾಲ್ಕು ಸಂಜೆ ಕೂತು ತೆಗೆದ ಗೋಪುರವಿತ್ತು. ಅದರ ಕಡೆ ಕಣ್ಣೂ ಹಾಯಿಸಲಿಲ್ಲ. ಹಿಂದೆ ಏಳು ಗಂಟು, ಒಂದು ಮೂಲೆಯಿಂದ ಇನ್ನೊಂದಕ್ಕೆ ಜಿಗಿದ ಉದ್ದುದ್ದ ನೂಲು.

"ಮುಂದ ಎಲ್ಲಾರದೂ ಛಲೋನ ಇರತದ ತಂಗಿ. ಬಿಚ್ಚು ಇದನ್ನ."

ಅದು 2020. ಆಫೀಸಿನ ಕೆಲಸವನ್ನು ಬೆಂಗಳೂರಿನಿಂದ ಊರಿಗೆ ಹೊತ್ತು ತಂದಿದ್ದೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತ ಕಸೂತಿ ಅದು. ವಿಡಿಯೋದವರು ಬಟ್ಟೆಯ ಬೆನ್ನು ತೋರಿಸಿರಲಿಲ್ಲ.

ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆ ಎಣಿಸುತ್ತ ಹೊಲಿಯಬೇಕು. ಹೊಲಿಗೆ ನಾಲ್ಕು ಬಗೆ: ಗಾವಂತಿ, ಮುರ್ಗಿ, ನೇಗಿ, ಮೆಂತೆ. ಮೆಂತೆ ಎಂದರೆ ಅಡ್ಡಡ್ಡ ಗುಣಾಕಾರದ ಹೊಲಿಗೆ. ನೇಗಿ ನೇಯ್ದ ಹಾಗೆ ಕಾಣುತ್ತದೆ. ಇವೆರಡರ ಬಗ್ಗೆ ನಾನು ಹೆಚ್ಚು ಹೇಳಲಾರೆ, ಇನ್ನೂ ಕೈಗೆ ಹತ್ತಿಲ್ಲ. ನನ್ನನ್ನು ಹಿಡಿದು ಕೂಡಿಸಿದ್ದು ಗಾವಂತಿ ಮತ್ತು ಮೆಟ್ಟಿಲು ಮೆಟ್ಟಿಲಾಗಿ ಏರುವ ಅದರ ತಂಗಿ ಮುರ್ಗಿ. ಇವೆರಡೂ ಹಿಂದೆ ಮುಂದೆ ಒಂದೇ ರೀತಿ ಕಾಣಬೇಕು. ಸೆರಗು ಗಾಳಿಗೆ ಹಾರಿದಾಗ ಎರಡೂ ಮಗ್ಗಲು ಕಾಣುತ್ತದಲ್ಲ, ಅದಕ್ಕೆ.

ಗಾವಂತಿ ಹಾಕುವುದು ಹೀಗೆ. ಸೂಜಿ ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಹೋಗುತ್ತದೆ. ಗೆರೆಯ ತುದಿ ಮುಟ್ಟುವಾಗ ನಡುನಡುವೆ ಖಾಲಿ ಜಾಗ ಉಳಿದಿರುತ್ತದೆ. ಅದೇ ತೂತುಗಳಲ್ಲಿ ಹೊಳ್ಳಿ ಬರುವಾಗ ಖಾಲಿ ತುಂಬುತ್ತದೆ, ಹಿಂದೆಯೂ ಮುಂದೆಯೂ. ಶುರುವಿನಲ್ಲಿ ಗಂಟಿಲ್ಲ. ಬೆರಳುದ್ದ ನೂಲು ಬಿಟ್ಟುಕೊಂಡು, ಮುಗಿದ ಮೇಲೆ ಅದನ್ನೇ ಸೂಜಿಗೆ ಪೋಣಿಸಿ ಹೊಲಿಗೆಯೊಳಗೆ ತೂರಿಸಿಬಿಡುವುದು.

ಗೆರೆ ನೆಟ್ಟಗಿದ್ದರೆ ಇಷ್ಟೇ ಕತೆ. ಗೋಪುರಕ್ಕೆ ಮೆಟ್ಟಿಲುಗಳಿವೆ, ಮೆಟ್ಟಿಲಿನೊಳಗೆ ಚೌಕಗಳಿವೆ, ನೆತ್ತಿಗೆ ಕಳಸವಿದೆ. ನಾನು ಹೊರಗಿನ ಗೆರೆ ಸುತ್ತಿ ಬಂದು, "ಒಳಗಿನದು ಆಮೇಲೆ" ಎಂದುಕೊಳ್ಳುತ್ತಿದ್ದೆ. ಆಮೇಲೆ ಒಳಗೆ ಹೋಗಲು ದಾರಿಯೇ ಇರುತ್ತಿರಲಿಲ್ಲ. ಹಿಂದಿನಿಂದ ನೂಲು ಜಿಗಿಸಬೇಕು, ಇಲ್ಲವೇ ಕತ್ತರಿಸಿ ಹೊಸದಾಗಿ ಶುರು ಮಾಡಬೇಕು. ಬಿಚ್ಚಿ ಬಿಚ್ಚಿ ಮ್ಯಾಟಿ ಬಟ್ಟೆಯ (ಎಳೆ ಎಣಿಸಲು ಬರುವಂಥ ಒರಟು ನೇಯ್ಗೆಯದು) ತೂತುಗಳು ಅಗಲವಾದವು. ಕಾಕು ಪಾಠ ಹೇಳುವವರಲ್ಲ, ನನ್ನ ಕೈಯಿಂದ ಸೂಜಿ ಕಸಿದುಕೊಂಡು ತೋರಿಸಿದರು: ಟೊಂಗೆ ಬಂದಲ್ಲಿ ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಅಲ್ಲೇ ಟೊಂಗೆಗೆ ಇಳಿ, ತುದಿ ಮುಟ್ಟು, ಹೊಳ್ಳಿ ಬಾ, ಆಮೇಲೆ ದೊಡ್ಡ ದಾರಿ ಹಿಡಿ. ಟೊಂಗೆ ಹೋಗಿಬರುವಷ್ಟರಲ್ಲಿ ಪೂರ್ತಿಯಾಗಿರುತ್ತದೆ. ದೊಡ್ಡ ದಾರಿಯ ಖಾಲಿಗಳು ಕೊನೆಯ ವಾಪಸಾತಿಗೆ ಕಾದಿರುತ್ತವೆ.

ಕಾಕು ಇದನ್ನು ತಲೆಯಲ್ಲೇ ಮಾಡುತ್ತಾರೆ. ನನಗೆ ಚೌಕಳಿ ಹಾಳೆ, ಪೆನ್ಸಿಲ್ಲು, ಪ್ರತಿ ಹೊಲಿಗೆಗೂ ನಂಬರು ಬೇಕಾಯಿತು. ಮೊದಲ ತುಳಸಿಕಟ್ಟೆಯ ದಾರಿ ಹುಡುಕಲು ಮೂರು ಹಾಳೆ ಹರಿದೆ. ಆಫೀಸಿನ ಗೆಳೆಯನೊಬ್ಬ ಹಾಳೆ ನೋಡಿ, ಇದು ಆಯ್ಲರನ ಗಣಿತ, ಪ್ರತಿ ಗೆರೆಯ ಮೇಲೂ ಎರಡು ಸಲ ಓಡಾಡಬಹುದಾದರೆ ಹೊರಟಲ್ಲಿಗೇ ಬಂದು ಸೇರುವ ದಾರಿ ಇದ್ದೇ ಇರುತ್ತದೆ ಎಂದ. ಕಾಕುಗೆ ಹೇಳಿದೆ. "ಇರಲಾರದ ಎಲ್ಲಿ ಹೋಗತದ?" ಎಂದು ಸೂಜಿಗೆ ನೂಲು ಪೋಣಿಸಿದರು.

ಮತ್ತೆ ಬೆಂಗಳೂರಿಗೆ ಹೋದ ಮೇಲೆ ಕಸೂತಿ ರೈಲಿಗೆ ಬಂತು. ಊರಿಗೆ ಏಳೆಂಟು ತಾಸಿನ ದಾರಿ. ಆದರೆ ಗಾಡಿ ಕುಲುಕುವಾಗ ಎಳೆ ಎಣಿಸಿದರೆ ನಾಲ್ಕು ಐದಾಗುತ್ತದೆ, ಒಂದು ಎಳೆ ತಪ್ಪಿದರೆ ಆನೆಯ ಅಂಬಾರಿ ವಾಲುತ್ತದೆ. ಕೊನೆಗೆ ಒಂದು ಉಪಾಯ ಮಾಡಿಕೊಂಡೆ. ಹೋಗುವ ಹೊಲಿಗೆ ಮನೆಯಲ್ಲಿ, ಕಿಟಕಿಯ ಬೆಳಕಿನಲ್ಲಿ. ಬರುವ ಹೊಲಿಗೆ ರೈಲಿನಲ್ಲಿ. ವಾಪಸಾಗುವಾಗ ಎಣಿಸುವ ಕೆಲಸವಿಲ್ಲ, ಖಾಲಿ ಜಾಗವೇ ದಾರಿ ತೋರಿಸುತ್ತದೆ. ಒಮ್ಮೆ ರಾಣೆಬೆನ್ನೂರು ದಾಟಿದ ಮೇಲೆ ಎದುರಿನ ಸೀಟಿನ, ಇಳಕಲ್ ಸೀರೆ ಉಟ್ಟ ಅಜ್ಜಿ ಮಾತಿಲ್ಲದೆ ಕೈ ಚಾಚಿದರು. ಕೊಟ್ಟೆ. ಅವರೂ ಮೊದಲು ಮಗುಚಿದರು.

ಕಳೆದ ವರ್ಷ ಕಂಪನಿ ಕೆಲಸದ ಮೇಲೆ ವಿಯೆನ್ನಾಕ್ಕೆ ಹೋದಾಗ ಒಂದು ದಿನ ಬಿಡುವು ಸಿಕ್ಕಿತು. ಅಲ್ಲಿನ ಕುನ್ಸ್ಟ್‌ಹಿಸ್ಟೋರಿಷಸ್ ಮ್ಯೂಸಿಯಂಗೆ ಹೋದೆ. ಊರಷ್ಟು ದೊಡ್ಡದು, ಕಾಲು ಸೋತು ಹೋಯಿತು. ಅಲ್ಲೊಂದು ಎರಡಡಿ ಎತ್ತರದ ಚಿತ್ರ: ಇಂಗ್ಲೆಂಡಿನ ರಾಣಿ ಜೇನ್ ಸೀಮೋರ್, ಹಾನ್ಸ್ ಹೋಲ್ಬೈನ್ 1536-37ರ ಸುಮಾರಿಗೆ ಬರೆದದ್ದು. ಮುಖ, ಮುತ್ತು, ಕೆಂಪು ಮಖಮಲ್ಲು ಎಲ್ಲ ಬಿಟ್ಟು ನನ್ನ ಕಣ್ಣು ಮುಂಗೈ ಮೇಲೆ ನಿಂತಿತು. ಬಿಳಿ ತೋಳಿನ ತುದಿಯಲ್ಲಿ ಕರಿ ನೂಲಿನ ಕಸೂತಿ. ಕಸೂತಿ ಹಾಕಿದ ನಮ್ಮ ಕರಿ ಚಂದ್ರಕಾಳಿ ಸೀರೆಯನ್ನು ಬಣ್ಣ ಅದಲುಬದಲು ಮಾಡಿದ ಹಾಗೆ! ಬಗ್ಗಿ ನೋಡಲು ಹೋಗಿ ಕಾವಲಿನವನಿಂದ ಒಂದು ಕೆಮ್ಮು ಕೇಳಿಸಿಕೊಂಡೆ.

ಹೋಗಿ ಬಂದು ಖಾಲಿ ತುಂಬುವ ಈ ಹೊಲಿಗೆಗೆ ಇಂಗ್ಲಿಷಿನಲ್ಲಿ ಹೋಲ್ಬೈನ್ ಹೊಲಿಗೆ ಎಂದೇ ಹೆಸರು. ಅವನು ಸೂಜಿ ಹಿಡಿದವನಲ್ಲ, ಬಣ್ಣದಲ್ಲಿ ಬರೆದವನು. ಹೊಲಿದವರ ಹೆಸರು ಹೊಲಿಗೆಗೆ ಸಿಗಲಿಲ್ಲ, ನೋಡಿ ಬರೆದವನದು ಸಿಕ್ಕಿತು. ಸ್ವಲ್ಪ ಸಿಟ್ಟು ಬಂತು, ಸುಳ್ಳೇಕೆ. ಆದರೆ ತೋಳಿನ ತುದಿಯಂಥ ಸಣ್ಣ ಜಾಗವನ್ನೂ ಅವನು ಗಡಿಬಿಡಿಯಲ್ಲಿ ಗೀಚಿಲ್ಲ ಎನ್ನುವುದನ್ನೂ ಒಪ್ಪಬೇಕು.

ದೀಪಾವಳಿಗೆ ಊರಿಗೆ ಹೋದಾಗ ಫೋನಿನಲ್ಲಿ ಚಿತ್ರ ತೋರಿಸಿದೆ. ಕಾಕು ಕನ್ನಡಕ ಏರಿಸಿ, ಎರಡು ಬೆರಳಿನಿಂದ ಮುಂಗೈಯನ್ನು ದೊಡ್ಡದು ಮಾಡಿದರು.

"ಹಿಂದಿನ ಮಗ್ಗಲಾ?"

"ಚಿತ್ರ ಅದು ಕಾಕು, ಹಿಂದ ಕಟಗಿ ಹಲಗಿ ಇರತದ."

ಹಾಗಾದರೆ ಮಾತಾಡುವ ಹಾಗಿಲ್ಲ ಎನ್ನುವಂತೆ ಹುಬ್ಬು ಏರಿಸಿದರು. ಆದರೂ ಫೋನು ವಾಪಸು ಕೊಡಲಿಲ್ಲ, ಇನ್ನಷ್ಟು ಹೊತ್ತು ನೋಡಿದರು.

"ಯಾರ ಹಾಕ್ಯಾರ ಇದನ್ನ?"

ರಾಣಿಯ ಹೆಸರು ಹೇಳಿದೆ, ಬರೆದವನ ಹೆಸರು ಹೇಳಿದೆ.

"ಅವರನ್ನಲ್ಲ ಕೇಳಿದ್ದು," ಎಂದು ಫೋನು ಕೊಟ್ಟು, ನನ್ನ ಚೀಲದ ಕಡೆ ಕೈ ತೋರಿಸಿದರು. "ಇರ್ಲಿ, ಆನಿ ತಗಿ. ಸೊಂಡಿಲದಿಂದ ಹೊಳ್ಳಿ ಬಂದೀ ಇಲ್ಲೋ?"