ಮುರಿದದ್ದು ಬೆಳ್ಳಿಯ ಕಾಲು, ನಿದ್ದೆ ಕೆಡಿಸಿದ್ದು ಅದರ ಹೊಟ್ಟೆ

ಜೂನ್ ಕೊನೆಯ ವಾರ. ಉಡುಪಿಯ ಕುಂಜಿಬೆಟ್ಟಿನಲ್ಲಿ ಬೆಳಿಗ್ಗೆಯಿಂದ ಒಂದೇ ಸಮನೆ ಮಳೆ. ಅಕ್ಕನ ಮಗಳು ನಮ್ಮ ಮೊಲ ಬೆಳ್ಳಿಯನ್ನು ಎತ್ತಿಕೊಂಡು ನಿಂತಿದ್ದಳು, ಗುಡುಗಿಗೆ ಬೆಚ್ಚಿ ಅದು ಕೈಯಿಂದ ಜಿಗಿದು ಟೈಲ್ಸ್ ಮೇಲೆ ಬಿತ್ತು. ಕಿರುಚಲೂ ಇಲ್ಲ. ಸೋಫಾದ ಅಡಿಗೆ ಹೋಗಿ ಸುಮ್ನೆ ಕೂತಿತು. ಎಡ ಮುಂಗಾಲನ್ನು ನೆಲಕ್ಕೆ ಊರುತ್ತಿಲ್ಲ ಅಂತ ಗೊತ್ತಾಗಿದ್ದು ಅರ್ಧ ಗಂಟೆ ಆದ ಮೇಲೆ. ಹತ್ತಿರ ಹೋದರೆ ಹಲ್ಲು ಕಟಕಟ ಕಡಿಯುವ ಸದ್ದು. ಮೊಲ ಹಾಗೆ ಗಟ್ಟಿಯಾಗಿ ಹಲ್ಲು ಕಡಿದರೆ ನೋವು ಜಾಸ್ತಿ ಇದೆ ಅಂತ ಅರ್ಥ.

ಕಾಲನ್ನು ನಾನೇ ಎಳೆದು ಕಟ್ಟಲು ಹೋಗಲಿಲ್ಲ. ಮೊಲದ ಎಲುಬು ಬಹಳ ತೆಳು, ನಾವು ಹಿಡಿದೇ ಇನ್ನಷ್ಟು ಮುರಿಯಬಹುದು. ರಟ್ಟಿನ ಪೆಟ್ಟಿಗೆಯಲ್ಲಿ ದಪ್ಪ ಟವೆಲ್ ಹಾಸಿ, ಅದರಲ್ಲಿ ಕೂರಿಸಿ, ರಿಕ್ಷಾ ಹಿಡಿದು ಪಶುವೈದ್ಯರ ಹತ್ತಿರ ಹೋದೆವು. ಎಕ್ಸ್‌ರೇಯಲ್ಲಿ ಮುಂಗಾಲಿನ ಎಲುಬು ಮುರಿದದ್ದು ಕಂಡಿತು, ಆದರೆ ಜಾಗ ತಪ್ಪಿರಲಿಲ್ಲ. ಹತ್ತಿ ಸುತ್ತಿ, ಕಾಲು ಅಲುಗದ ಹಾಗೆ ಸ್ಪ್ಲಿಂಟ್ ಹಾಕಿದರು, ನೋವಿಗೆ ಮೆಲಾಕ್ಸಿಕಾಮ್ ಸಿರಪ್ ಕೊಟ್ಟರು. ಡೋಸ್ ತೂಕ ನೋಡಿ ಅವರೇ ಬರೆದುಕೊಟ್ಟರು.

ಹೊರಡುವಾಗ ಡಾಕ್ಟ್ರು ಒಂದು ಮಾತು ಹೇಳಿದರು. "ಕಾಲು ನಾನು ನೋಡಿಕೊಳ್ಳುತ್ತೇನೆ ಮಾರಾಯ್ರೆ, ನೀವು ಹೊಟ್ಟೆ ನೋಡಿಕೊಳ್ಳಿ."

ಆ ರಾತ್ರಿಯೇ ಅದರ ಅರ್ಥ ಆಯಿತು. ನೋವಿನಲ್ಲಿ ಮೊಲ ತಿನ್ನುವುದು ಬಿಡುತ್ತದೆ, ತಿನ್ನದಿದ್ದರೆ ಕರುಳು ನಿಲ್ಲುತ್ತದೆ, ಕರುಳು ನಿಂತರೆ ಒಂದೆರಡು ದಿನದಲ್ಲೇ ಜೀವಕ್ಕೆ ಕುತ್ತು. ಬೆಳ್ಳಿ ಸಂಜೆಯಿಂದ ಹುಲ್ಲು ಮುಟ್ಟಿರಲಿಲ್ಲ. ಅದು ದಿನಾ ತಿನ್ನುವ ಪೆಲೆಟ್ (ಒಣ ಆಹಾರದ ಸಣ್ಣ ತುಂಡು) ಅನ್ನೇ ಪುಡಿ ಮಾಡಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಗಂಜಿಯ ಹದಕ್ಕೆ ತಂದೆ. ಸೂಜಿ ಇಲ್ಲದ ಸಿರಿಂಜನ್ನು ಮುಂದಿನ ಹಲ್ಲಿನ ಪಕ್ಕದ ಸಂದಿನಿಂದ ಒಳಗಿಟ್ಟು, ಒಂದು ತೊಟ್ಟು, ಅದು ಜಗಿದು ನುಂಗುವವರೆಗೆ ಕಾದು, ಇನ್ನೊಂದು ತೊಟ್ಟು. ಮಲಗಿಸಿ ಕೊಡಬಾರದು, ಶ್ವಾಸಕ್ಕೆ ಹೋಗುತ್ತದೆ. 10 ಮಿಲಿ ಒಳಗೆ ಹೋಗಲು ಅರ್ಧ ಗಂಟೆ ಬೇಕಾಯಿತು. ಮೂರು ಗಂಟೆಗೊಮ್ಮೆ ಅಲಾರಂ ಇಟ್ಟು ಎದ್ದೆ. ಬೆಳಗಿನ ಜಾವ ಟವೆಲ್ ಮೇಲೆ ನಾಲ್ಕು ಸಣ್ಣ ಹಿಕ್ಕೆ ಬಿದ್ದಿತ್ತು. ಅಮ್ಮನನ್ನು ಎಬ್ಬಿಸಿ ತೋರಿಸಿದೆ, ಅಷ್ಟು ಖುಷಿ.

ಮರುದಿನ ಅಮ್ಮ ರಥಬೀದಿಯ ಹೂವಿನವರಿಂದ ಗರಿಕೆ ತಂದರು, ಚೆನ್ನಾಗಿ ತೊಳೆದು ಒರೆಸಿ ಇಟ್ಟರು. ಬೆಳ್ಳಿ ಮೊದಲು ತಾನಾಗಿ ತಿಂದದ್ದು ಅದನ್ನೇ. ಬೈಹುಲ್ಲು ಮಾತ್ರ ಬೇಡ ಅಂದೆ. ನಮ್ಮೂರ ಮಳೆಗಾಲದಲ್ಲಿ ಅದಕ್ಕೆ ಬೂಸ್ಟು ಹಿಡಿದಿರುತ್ತದೆ.

ಮನೆಯಲ್ಲಿ ಉಳಿದಿದ್ದ ಮಕ್ಕಳ ಆಂಟಿಬಯೋಟಿಕ್ ಸ್ವಲ್ಪ ಹಾಕಿ ನೋಡಿ ಅಂದವರೂ ಇದ್ದರು. ದಯವಿಟ್ಟು ಹಾಕಬೇಡಿ. ಅಮಾಕ್ಸಿಸಿಲಿನ್ ಥರದ ಪೆನ್ಸಿಲಿನ್ ಜಾತಿಯ ಮದ್ದು ಬಾಯಿಗೆ ಹಾಕಿದರೆ ಮೊಲದ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಮೊಲವೂ ಸಾಯಬಹುದು.

ಜಿಗಿಯದ ಹಾಗೆ ಆರು ವಾರ ಸಣ್ಣ ಗೂಡಿನಲ್ಲೇ ಇಟ್ಟೆವು. ಕೆಳಗೆ ರಬ್ಬರ್ ಮ್ಯಾಟ್, ಮೇಲೆ ಹಳೆಯ ಬೈರಾಸು (ಟವೆಲ್), ದಿನಕ್ಕೆ ಎರಡು ಸಲ ಬದಲು. ಒಣಗುವ ಬಿಸಿಲೇ ಇಲ್ಲ, ಇಸ್ತ್ರಿ ಹಾಕಿ ಒಣಗಿಸುತ್ತಿದ್ದೆ. ಒದ್ದೆಯಲ್ಲೇ ಕೂತರೆ ಹಿಂದಿನ ರೋಮ ಉಚ್ಚೆಯಲ್ಲಿ ನೆನೆದು ಚರ್ಮ ಸುಲಿಯುತ್ತದೆ, ಅಲ್ಲಿ ನೊಣ ಮೊಟ್ಟೆಯಿಟ್ಟರೆ ಹುಳ ಆಗುತ್ತದೆ. ದಿನಾ ಬೆಳಿಗ್ಗೆ ಹಿಂಭಾಗವನ್ನೊಮ್ಮೆ ನೋಡುತ್ತಿದ್ದೆ, ಬ್ಯಾಂಡೇಜಿನ ತುದಿಯಲ್ಲಿ ಇಣುಕುವ ಬೆರಳುಗಳನ್ನೂ ಮುಟ್ಟಿ ನೋಡುತ್ತಿದ್ದೆ. ತಣ್ಣಗಿದ್ದರೆ, ಊದಿದ್ದರೆ ಕಟ್ಟು ಬಿಗಿಯಾಗಿದೆ ಅಂತ. ಎರಡನೇ ವಾರ ಒಂದು ದಿನ ಮುಗ್ಗಲು ವಾಸನೆ ಬಂತು, ಮಳೆಯಲ್ಲೇ ಓಡಿದೆವು. ಬಿಚ್ಚಿ ನೋಡಿದರೆ ಒಳಗಿನ ಹತ್ತಿ ಒದ್ದೆ, ಚರ್ಮ ಕೆಂಪು. ಇನ್ನೊಂದೆರಡು ದಿನ ಬಿಟ್ಟಿದ್ದರೆ ಹುಣ್ಣಾಗುತ್ತಿತ್ತಂತೆ.

ಆಗಸ್ಟ್‌ನಲ್ಲಿ ಇನ್ನೊಂದು ಎಕ್ಸ್‌ರೇ ಮಾಡಿ ಎಲುಬು ಕೂಡಿದೆ ಅಂದರು, ಸ್ಪ್ಲಿಂಟ್ ತೆಗೆದರು. ಕಾಲು ಸೊರಗಿತ್ತು, ಮೊದಲೆರಡು ದಿನ ಊರಲು ಹೆದರುತ್ತಿತ್ತು. ಹಾಲ್ ಉದ್ದಕ್ಕೂ ಚಾಪೆ ಹಾಸಿ, ನಾನು ಒಂದು ತುದಿಯಲ್ಲಿ ಕೊತ್ತಂಬರಿ ಹಿಡಿದು ಕೂರುತ್ತಿದ್ದೆ. ಮೂರನೇ ದಿನ ಅರ್ಧ ದಾರಿಗೆ ಬಂದು ನಿಂತಿತು. ಹಿಂಗಾಲ ಮೇಲೆ ಎದ್ದು ಕೂತು, ಎರಡೂ ಮುಂಗಾಲನ್ನು ನೆಕ್ಕಿ ಮುಖ ತೊಳೆದುಕೊಂಡಿತು. ಆಮೇಲೆ ಎಡಕಿವಿಯನ್ನು ಕೆಳಗೆಳೆದು ಅದನ್ನೂ ತೊಳೆಯಿತು.