ಆ ಕಡೆಯವರಿಗೆ ನಮ್ಮ ದನಿ ಕೇಳಿಸದಿದ್ದಾಗ

ಜರ್ಮನಿಯಲ್ಲಿರುವ ಮಗಳೊಡನೆ ಭಾನುವಾರ ಸಂಜೆ ದೊಡ್ಡ ಪರದೆಯಲ್ಲಿ ಮಾತನಾಡೋಣವೆಂದು ಮನೆಯ ಹಳೆಯ ಡೆಸ್ಕ್‌ಟಾಪ್‌ಗೆ ಮೈಕ್ ಇಲ್ಲದ ಅಗ್ಗದ ವೆಬ್‌ಕ್ಯಾಮ್ ಒಂದನ್ನು ಜೋಡಿಸಿ, ಮೊಬೈಲಿನ ಹೆಡ್‌ಸೆಟ್ ಸಿಕ್ಕಿಸಿ ಕುಳಿತೆವು. ಅವಳ ಮುಖ ಕಾಣುತ್ತಿತ್ತು, ಮಾತೂ ಕೇಳುತ್ತಿತ್ತು. ನಮ್ಮ ದನಿ ಮಾತ್ರ ಅವಳಿಗೆ ತಲುಪುತ್ತಿರಲಿಲ್ಲ. ನಾನು ನೆಟ್ ಸರಿಯಿಲ್ಲವೆಂದು ರೂಟರನ್ನು ಮೂರು ಬಾರಿ ಆರಿಸಿ ಹಚ್ಚಿದೆ. ಅವಳ ಚಿತ್ರವೂ ದನಿಯೂ ಸರಾಗವಾಗಿ ಬರುತ್ತಿರುವಾಗ ನಮ್ಮ ಮಾತಷ್ಟೇ ಹೋಗದಿದ್ದರೆ ಮೊದಲು ನೋಡಬೇಕಾದದ್ದು ಮೈಕನ್ನು ಎಂಬುದು ಆಗ ಹೊಳೆಯಲಿಲ್ಲ.

ತಪ್ಪು ಇದ್ದದ್ದು ಪಿನ್ನಿನಲ್ಲಿ. ಮೊಬೈಲ್ ಹೆಡ್‌ಸೆಟ್ಟಿನ ಪಿನ್ನಿನ ಮೇಲೆ ಮೂರು ಕಪ್ಪು ಗೆರೆಗಳಿರುತ್ತವೆ, ಅಂದರೆ ಅದು ನಾಲ್ಕು ಭಾಗದ ಪಿನ್. ಮೈಕ್ ಮತ್ತು ಇಯರ್‌ಫೋನ್ ಎರಡೂ ಅದರಲ್ಲೇ ಸೇರಿವೆ. ನಮ್ಮ ಡೆಸ್ಕ್‌ಟಾಪಿನಲ್ಲಾದರೋ ಹಸಿರು ತೂತು ಕೇಳಲಿಕ್ಕೆ, ಗುಲಾಬಿ ತೂತು ಮಾತನಾಡಲಿಕ್ಕೆ. ಎರಡು ಬಾಲಗಳಿರುವ ಸ್ಪ್ಲಿಟರ್ ತಂದು ಎರಡೂ ತೂತುಗಳಿಗೆ ಹಾಕಿದ ಮೇಲೆ, ವಿಂಡೋಸ್ 10ರ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಮೈಕ್ ಪರೀಕ್ಷೆಯ ಪಟ್ಟಿ ನನ್ನ ಕೆಮ್ಮಿಗೂ ಕುಣಿಯತೊಡಗಿತು. ಆದರೂ ಕರೆಯಲ್ಲಿ ಮೌನವೇ. ಎಂದೋ ಬ್ರೌಸರ್ ಮೈಕಿಗೆ ಅನುಮತಿ ಕೇಳಿದಾಗ ನಾನೇ ‘ಬ್ಲಾಕ್’ ಒತ್ತಿದ್ದೆ. ವಿಳಾಸದ ಪಟ್ಟಿಯ ಎಡತುದಿಯ ಚಿಹ್ನೆಯನ್ನು ಒತ್ತಿ ಅದನ್ನು ತೆಗೆದೆ.

ಎರಡನೆಯ ತೊಂದರೆ ಬೇರೆಯದು: ಸಂಜೆ ಹೊತ್ತು ಚಿತ್ರ ಹೆಪ್ಪುಗಟ್ಟುವುದು, ದನಿ ತುಂಡಾಗುವುದು. ಈ ಸಲ ದೂರುವ ಮೊದಲು ಅಳೆದೆ. ಆಜ್ಞೆಗಳನ್ನು ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟ್ ಕಿಟಕಿ ತೆರೆದು ನಮ್ಮ ರೂಟರಿನ ವಿಳಾಸವಾದ 192.168.1.1ಕ್ಕೆ ಪಿಂಗ್ ಕೊಟ್ಟೆ, ಅಂದರೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಗುತ್ತದೆಂದು ನೋಡುವ ಪರೀಕ್ಷೆ. ಕೊನೆಗೆ ಹೈಫನ್ ಹಾಗೂ ‘ಟಿ’ ಅಕ್ಷರ ಸೇರಿಸಿದರೆ ಅದು ನಾವು ನಿಲ್ಲಿಸುವವರೆಗೂ ಓಡುತ್ತದೆ. ಎರಡು ಮಿಲಿಸೆಕೆಂಡಿನಲ್ಲಿ ಬರಬೇಕಾದ ಉತ್ತರ ಒಮ್ಮೆ 300 ಆಗುತ್ತಿತ್ತು, ಒಮ್ಮೊಮ್ಮೆ ಬರುತ್ತಲೇ ಇರಲಿಲ್ಲ. ಮನೆಯೊಳಗಿನ ರೂಟರಿಗೇ ಈ ಗತಿಯೆಂದ ಮೇಲೆ ಹೊರಗಿನ ಲೈನನ್ನು ಅನುಮಾನಿಸುವುದರಲ್ಲಿ ಅರ್ಥವಿರಲಿಲ್ಲ. ಹಜಾರದ ರೂಟರಿಗೂ ಹಿಂದಿನ ಕೋಣೆಯ ಕಂಪ್ಯೂಟರಿಗೂ ನಡುವೆ ಎರಡು ದಪ್ಪ ಜಂಬಿಟ್ಟಿಗೆ ಗೋಡೆಗಳಿದ್ದವು, ಮೇಲಾಗಿ ಅಕ್ಕಪಕ್ಕದ ಮನೆಗಳ ವೈಫೈಗಳೆಲ್ಲ ಸಂಜೆ ನಮ್ಮದೇ 2.4 ಗಿಗಾಹರ್ಟ್ಸ್ ರೇಡಿಯೋ ತರಂಗಾಂತರದಲ್ಲಿ ಕಿಕ್ಕಿರಿಯುತ್ತಿದ್ದವು. 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ ನೋಡಿದೆ. ಗೋಡೆ ದಾಟುವುದರಲ್ಲಿ ಅದು ಇನ್ನೂ ಸೋಮಾರಿ. ಕಡೆಗೆ ಹದಿನೈದು ಮೀಟರ್ ಲ್ಯಾನ್ ಕೇಬಲ್ ತಂದು ಬಾಗಿಲ ಚೌಕಟ್ಟಿನ ಮೇಲೆ ಕ್ಲಿಪ್ ಹೊಡೆದು ಎಳೆದೆ. ಪಿಂಗ್ ಒಂದು ಮಿಲಿಸೆಕೆಂಡಿಗೆ ಇಳಿಯಿತು.

ಇಷ್ಟಾದರೂ ಒಂದು ಭಾನುವಾರ, ಕರೆಂಟ್ ಹೋಗಿ ಬಂದ ಮೇಲೆ, ಕರೆಯ ಪುಟವೇ ತೆರೆಯಲಿಲ್ಲ, ಸಂಪರ್ಕ ಸುರಕ್ಷಿತವಲ್ಲವೆಂಬ ಎಚ್ಚರಿಕೆ ಬಂತು. ಪರದೆಯ ಮೂಲೆಯ ಗಡಿಯಾರ ಹಲವು ವರ್ಷ ಹಿಂದಿನ ಜನವರಿಯನ್ನು ತೋರಿಸುತ್ತಿತ್ತು; ದಿನಾಂಕ ಹೀಗೆ ತಪ್ಪಿದ್ದರೆ ಬ್ರೌಸರ್ ಪುಟದ ಸುರಕ್ಷತಾ ಪ್ರಮಾಣಪತ್ರವನ್ನು ಒಪ್ಪುವುದಿಲ್ಲ. ಕರೆಂಟ್ ಇಲ್ಲದಾಗಲೂ ಗಡಿಯಾರವನ್ನು ನಡೆಸುವ, ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಸತ್ತಿತ್ತು. ಅದನ್ನು ಬದಲಿಸಿ ದಿನಾಂಕ ಸರಿಪಡಿಸುವಷ್ಟರಲ್ಲಿ ಮಗಳು ಮೊಬೈಲಿಗೇ ಕರೆ ಮಾಡಿದ್ದಳು.