ಶುಕ್ರವಾರದ ಚೆಂಡು

ನಾನು ಉಡುಪಿ ಜಿಲ್ಲೆಯ ಶಂಕರಪುರದ ಕಡೆಯವಳು. ಮನೆ ಹಿಂದೆ 60 ಮಲ್ಲಿಗೆ ಗಿಡಗಳಿವೆ. ಬೆಳಿಗ್ಗೆ ಬೇಗ ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ, ಹೊತ್ತಿಗೆ ಸರಿಯಾಗಿ ಹೂವು ಕೊಳ್ಳುವ ಕಟ್ಟೆಗೆ ಕಳಿಸಬೇಕು. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ನಾವು ಕ್ರೈಸ್ತರು ಕಟ್ಟಿದ ಹೂವು ದೇವಸ್ಥಾನಕ್ಕೂ ಹೋಗುತ್ತದೆ, ಭೂತಕೋಲಕ್ಕೂ ಹೋಗುತ್ತದೆ, ಬ್ಯಾರಿ ಮುಸ್ಲಿಮರ ಮದುವೆಗೂ ಹೋಗುತ್ತದೆ.

ಅತ್ತೆ ತೀರಿಕೊಂಡ ವರ್ಷ ನಾನೊಂದು ನಿಯಮ ಮಾಡಿಕೊಂಡೆ: ವಾರಕ್ಕೆ ಒಂದು ಚೆಂಡಿನ ದುಡ್ಡು ಬೇರೆಯವರಿಗೆ. ಖರ್ಚೆಲ್ಲ ಕಳೆದು ಉಳಿದದ್ದರಲ್ಲಿ ಅಲ್ಲ, ಕೈಗೆ ಬಂದ ಕೂಡಲೇ ತೆಗೆದಿಡುವುದು. ಉಳಿದರೆ ಕೊಡೋಣ ಎಂದುಕೊಂಡು ಹತ್ತು ವರ್ಷ ಕಳೆದಿದ್ದೆ. ಉಳಿದದ್ದೇ ಇಲ್ಲ!

ಆದರೆ ಯಾವ ದಿನದ ಚೆಂಡು ಅಂತ ನಾನು ಗೊತ್ತು ಮಾಡಿರಲಿಲ್ಲ. ಮದುವೆ ಸೀಸನ್‌ನಲ್ಲಿ ಅಟ್ಟೆಗೆ 2,100 ರೂಪಾಯಿ ಆದಾಗ ನನ್ನ ಕೈ ಹಿಂದೆ ಬಂತು. ದರ ಬಿದ್ದ ದಿನ ಕಾದು, ಅವತ್ತಿನ ಲೆಕ್ಕದಲ್ಲಿ ಡಬ್ಬಿಗೆ ಹಾಕುತ್ತಿದ್ದೆ. ಚೆಂಡು ಚೆಂಡೇ ಅಲ್ವಾ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಹೀಗೆ ಎರಡು ಸೀಸನ್ ನಡೆಯಿತು. ಆಮೇಲೆ ಶುಕ್ರವಾರ ಅಂತ ಗಟ್ಟಿ ಮಾಡಿದೆ. ಅವತ್ತು ಏನು ದರವೋ ಅದೇ. ಮೊದಲ ಸಲ 525 ರೂಪಾಯಿ ಹಾಕುವಾಗ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಯೊವಾನ್ನರ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ದ್ರಾಕ್ಷಿ ಬಳ್ಳಿಯ ಮಾತು ಹೇಳುತ್ತಾರೆ. ಫಲ ಕೊಡದ ಕೊಂಬೆಯನ್ನು ತೋಟಗಾರ ತೆಗೆದುಹಾಕುತ್ತಾನೆ, ಫಲ ಕೊಡುವುದನ್ನೂ ಸವರುತ್ತಾನೆ. ದ್ರಾಕ್ಷಿ ತೋಟ ನಾನು ನೋಡಿಲ್ಲ. ಮಲ್ಲಿಗೆ ಗೊತ್ತು. ಹೊಸ ಚಿಗುರಿನ ತುದಿಯಲ್ಲೇ ಮೊಗ್ಗು ಬರುವುದು. ಹಳೆ ರೆಂಬೆ ಎಷ್ಟು ಹಸಿರಾಗಿದ್ದರೂ ಕತ್ತರಿಸಲೇಬೇಕು. ಅತ್ತೆ ಕತ್ತರಿ ಹಿಡಿದರೆ ಗಿಡ ಬೋಳಾಗಿ ಕಾಣುತ್ತಿತ್ತು. ನಾನು ಅಯ್ಯೋ ಪಾಪ ಅಂತ ಅರ್ಧ ಬಿಟ್ಟ ಸಾಲು ಆ ವರ್ಷ ಬರೀ ಎಲೆ ಬಿಟ್ಟಿತು.

ಡಬ್ಬಿಯ ದುಡ್ಡಿನಲ್ಲಿ ಒಂದು ಪಾಲು ನಮ್ಮ ಇಗರ್ಜಿಯ (ಚರ್ಚಿನ) ವಿನ್ಸೆಂಟ್ ದಿ ಪೌಲ್ ಸಭೆಗೆ, ಬಡವರಿಗೆ ನೆರವಾಗುವ ಸಂಘ ಅದು. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಜಾನಾಂ ಮತ್ತು ಅವರ ಗೆಳೆಯರು ಶುರು ಮಾಡಿದ್ದು ಇದು. ಸಭೆಯಲ್ಲಿ ಒಂದು ಚೀಲ ಕೈಯಿಂದ ಕೈಗೆ ಬರುತ್ತದೆ. ಮುಷ್ಟಿ ಒಳಗೆ ಹಾಕಿ ಬಿಚ್ಚುವುದು. ಯಾರು ಎಷ್ಟು ಹಾಕಿದರು, ಯಾರು ಬರೀ ಕೈ ಹಾಕಿದರು, ಗೊತ್ತಾಗುವುದಿಲ್ಲ. ನನಗೆ ತುಂಬಾ ಇಷ್ಟವಾದ ಕ್ರಮ ಇದು.

ಇಬ್ಬಿಬ್ಬರಾಗಿ ಮನೆ ಭೇಟಿಗೂ ಹೋಗಬೇಕು. ಅಲ್ಲಿ ನಾನು ಎಡವಿದೆ. ಒಂದು ಮನೆಯಲ್ಲಿ ಗಂಡ ಹಾಸಿಗೆ ಹಿಡಿದಿದ್ದ. ಹೆಂಡತಿಗೆ ಅಕ್ಕಿ, ದುಡ್ಡು ಕೊಟ್ಟೆ, ಜೊತೆಗೆ ಬುದ್ಧಿಯನ್ನೂ ಹೇಳಿದೆ. ಕುಡಿಯದಿದ್ದರೆ ಹೀಗಾಗುತ್ತಿತ್ತಾ, ನೀವಾದರೂ ಹೇಳಬಾರದಿತ್ತಾ ಎಂದೆಲ್ಲ. ಮುಂದಿನ ಸಲ ಹೋದಾಗ ಬಾಗಿಲು ಹಾಕಿತ್ತು. ಒಳಗೆ ಪಾತ್ರೆ ಸದ್ದು ಕೇಳುತ್ತಿತ್ತು.

ಒಂದು ತಿಂಗಳು ಬಿಟ್ಟು ಬೇರೆ ಮಾತು ಹಿಡಿದು ಹೋದೆ. "ಹೂ ಕಟ್ಟಲು ಜನ ಸಾಲುತ್ತಿಲ್ಲ, ಬರ್ತೀರಾ?" ಅದು ಸುಳ್ಳೂ ಅಲ್ಲ, ಸೀಸನ್ ಇತ್ತು. ಬಂದರು. ನಾನು ಒಂದು ಚೆಂಡು ಮುಗಿಸುವಷ್ಟರಲ್ಲಿ ಅವರದು ಒಂದೂವರೆ ಆಗುತ್ತಿತ್ತು. ಕಟ್ಟಿದ ಲೆಕ್ಕಕ್ಕೆ ಕೂಲಿ ಕೊಟ್ಟೆ, ಒಂದು ರೂಪಾಯಿ ಜಾಸ್ತಿ ಇಲ್ಲ. ಮಳೆಗಾಲಕ್ಕೆ ಹತ್ತು ಗಿಡ ಅವರ ಅಂಗಳದಲ್ಲಿ ನೆಟ್ಟೆವು. ಆ ವರ್ಷದ ಶುಕ್ರವಾರದ ದುಡ್ಡು ಗೊಬ್ಬರಕ್ಕೆ ಹೋಯಿತು.

ಸೆಪ್ಟೆಂಬರ್ 8 ನಮಗೆ ಮೊಂತಿ ಹಬ್ಬ, ಮಾತೆ ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಮಾತೆ ಮರಿಯಮ್ಮನಿಗೆ ಹೂವು ಹಾಕುತ್ತಾರೆ. ಹಬ್ಬದ ದಿನ ಹೊಸ ತೆನೆಯ ಆಶೀರ್ವಾದ. ಕಳೆದ ಸಲ ಹಬ್ಬದ ಬೆಳಿಗ್ಗೆ ಆ ಹೂ ಕಟ್ಟಿದವರು ಬಾಳೆ ಎಲೆಯಲ್ಲಿ ಸುತ್ತಿದ ಮಲ್ಲಿಗೆ ತಂದರು, ಮೊಮ್ಮಗಳ ಬುಟ್ಟಿಗೆ. ದುಡ್ಡು ತರಲು ಒಳಗೆ ಹೊರಟೆ.

"ಲೆಕ್ಕ ಮಾಡಬೇಡಿ ಬಾಯಮ್ಮ, ಇವತ್ತು ಶುಕ್ರವಾರ ಅಂತ ಇಟ್ಕೊಳ್ಳಿ," ಅಂದರು. ಯಾರು ಹೇಳಿದ್ದರೋ ಇವರಿಗೆ, ನನಗೆ ಇಂದಿಗೂ ಗೊತ್ತಿಲ್ಲ.